ಹೊರದೇಶದ ಸರ್ಕಾರಿ ಹಣ ಕಂಪನಿಗೆ ಬರುವ ಮುಂಚೆ

ಕಲಬುರಗಿಯಲ್ಲಿ ಕೂತು ತೊಗರಿ ಬೇಳೆಯ ಗುಣಮಟ್ಟವನ್ನು ಕ್ಯಾಮೆರಾದಲ್ಲೇ ಅಳೆಯುವ ಸಾಫ್ಟ್‌ವೇರ್ ಮಾಡಿದ್ದೀರಿ, ಸಿಂಗಪುರದ ಫಂಡ್ ಒಂದು 2 ಕೋಟಿ ರೂಪಾಯಿ ಹಾಕಲು ಮುಂದೆ ಬಂದಿದೆ ಅಂದುಕೊಳ್ಳಿ. ವ್ಯಾಲ್ಯುಯೇಶನ್ ಮಾತು ಆಮೇಲೆ. ಆ ಫಂಡಿನ ಹಿಂದೆ ಯಾರ ದುಡ್ಡಿದೆ ಎಂದು ಮೊದಲು ಕೇಳಿ. ಸಾಫ್ಟ್‌ಬ್ಯಾಂಕಿನ ಮೊದಲ ವಿಷನ್ ಫಂಡ್ ಹೆಸರಿಗೆ ಜಪಾನಿನದು. ಅದರಲ್ಲಿ 4,500 ಕೋಟಿ ಡಾಲರ್ ಸೌದಿ ಸರ್ಕಾರದ ಹೂಡಿಕೆ ನಿಧಿ ಪಿಐಎಫ್ ಕೊಡುತ್ತೇನೆಂದು ಒಪ್ಪಿಕೊಂಡ ಹಣ.

ಒಂದು ಹಾಳೆ ತಗೊಳ್ಳಿ. ಕೆಳಗೆ ನಿಮ್ಮ ಕಂಪನಿ, ಮೇಲೆ ಫಂಡ್, ಅದರ ಮೇಲೆ ಫಂಡ್ ನಡೆಸುವವರು, ಹಣ ಹಾಕಿದವರು. ಕೊನೆಗೆ ಒಬ್ಬ ವ್ಯಕ್ತಿ ಅಥವಾ ಒಂದು ಸರ್ಕಾರ ಸಿಗುವ ತನಕ ಗೆರೆ ಎಳೆಯುತ್ತಾ ಹೋಗಿ. ಪ್ರತಿ ಗೆರೆಯ ಪಕ್ಕ ದೇಶ, ಶೇಕಡಾ ಪಾಲು ಬರೆಯಿರಿ. "ಗೋಪ್ಯ" ಅಂತ ಒಂದು ಮೆಟ್ಟಿಲು ಖಾಲಿ ಬಿಟ್ಟರೆ ಸಹಿ ಹಾಕಬೇಡಿ. ಸಾಫ್ಟ್‌ವೇರ್‌ಗೆ ಸಾಮಾನ್ಯವಾಗಿ ಆಟೋಮ್ಯಾಟಿಕ್ ದಾರಿ ಇದೆ, ಅಂದರೆ ಸರ್ಕಾರದ ಮುಂಗಡ ಒಪ್ಪಿಗೆ ಬೇಡ. ಆದರೆ 2020ರ ಏಪ್ರಿಲ್‌ನ ಪ್ರೆಸ್ ನೋಟ್ 3 ಎಂಬ ಕೇಂದ್ರದ ಪ್ರಕಟಣೆ, ಭಾರತದ ಜೊತೆ ಭೂಗಡಿ ಇರುವ ದೇಶಗಳ ಹಣಕ್ಕೆ ಕೇಂದ್ರದ ಮುಂಗಡ ಒಪ್ಪಿಗೆ ಕೇಳಿತು. ಹಣ ಸಿಂಗಪುರ ಸುತ್ತಿ ಬಂದರೂ ಅದು ನೋಡುವುದು ಅಂತಿಮ ಒಡೆಯನನ್ನು. ಈ ನಿಯಮ ಬದಲಾಗುತ್ತದೆ, ಸಹಿ ದಿನ ಜಾರಿಯಲ್ಲಿರುವುದನ್ನು ಕೇಂದ್ರದ ಕೈಗಾರಿಕಾ ಇಲಾಖೆ ಡಿಪಿಐಐಟಿಯ ತಾಣದಲ್ಲಿ ಓದಿ.

ಹಣ ಬಂದ ದಿನವೇ ಗಡಿಯಾರ ಶುರು. ಜುಲೈ 1ಕ್ಕೆ ಬಂದರೆ 60 ದಿನ, ಅಂದರೆ ಆಗಸ್ಟ್ 30ರೊಳಗೆ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ವಾಪಸ್. ಆಗಸ್ಟ್ 30ಕ್ಕೇ ಹಂಚಿದರೆ, ಷೇರು ಹಂಚಿದ್ದನ್ನು ಕಂಪನಿ ರಿಜಿಸ್ಟ್ರಾರ್‌ಗೆ ತಿಳಿಸುವ ಪಿಎಎಸ್-3 ಫಾರ್ಮ್ ಸೆಪ್ಟೆಂಬರ್ 14ರೊಳಗೆ, ರಿಸರ್ವ್ ಬ್ಯಾಂಕಿನ ಫರ್ಮ್ಸ್ ಪೋರ್ಟಲ್‌ನಲ್ಲಿ ವಿದೇಶಿಯರಿಗೆ ಷೇರು ಕೊಟ್ಟ ವರದಿ ಎಫ್‌ಸಿ-ಜಿಪಿಆರ್ ಸೆಪ್ಟೆಂಬರ್ 29ರೊಳಗೆ. ಪಿಎಎಸ್-3 ಹಾಕುವವರೆಗೆ ಆ ದುಡ್ಡಿನಲ್ಲಿ ಒಂದು ಸಂಬಳವನ್ನೂ ಕೊಡುವಂತಿಲ್ಲ.

ಹೆಚ್ಚು ಜನ ಸಿಕ್ಕಿಬೀಳುವುದು ಹೆಸರಿನಲ್ಲಿ. ಒಪ್ಪಂದದಲ್ಲಿ ಒಂದು ಸಂಸ್ಥೆ, ಹಣ ಕಳಿಸಿದ್ದು ಅದರ ಸೋದರ ಸಂಸ್ಥೆ. ಹಣ ಕಳಿಸಿದವರ ಗುರುತು ಹೇಳುವ ಕೆವೈಸಿ ವರದಿ ಒಪ್ಪಂದಕ್ಕೆ ಹೊಂದುವುದಿಲ್ಲ, ಬ್ಯಾಂಕ್ ಅರ್ಜಿ ತಿರುಗಿಸುತ್ತದೆ, ದಿನ ಉರುಳುತ್ತವೆ. ಹಣ ಬರುವ ಮುಂಚೆಯೇ ಕಳಿಸುವ ಖಾತೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಊರಿನ ಶಾಖೆಗೆ ವಿದೇಶಿ ಹೂಡಿಕೆಯ (ಎಫ್‌ಡಿಐ) ಕೆಲಸ ಅಭ್ಯಾಸವಿಲ್ಲದಿದ್ದರೆ, ಅದೇ ಬ್ಯಾಂಕಿನಲ್ಲಿ ಇದನ್ನು ಯಾರು ನೋಡುತ್ತಾರೆಂದು ಮೊದಲೇ ವಿಚಾರಿಸಿಡಿ.

ಒಪ್ಪಂದದಲ್ಲಿ ಎರಡು ಕಲಂ ಬಿಡಲೇಬೇಡಿ. ಒಂದು, ಹೂಡಿಕೆದಾರರಿಗೆ ಏನು ತೋರಿಸಬೇಕು ಎಂಬುದು: ಲೆಕ್ಕಪತ್ರ ತೋರಿಸಿ. ಸೋರ್ಸ್ ಕೋಡ್, ರೈತರ ಫೋನ್ ನಂಬರು, ಹೊಲದ ವಿವರ ಬೇಡ. ಇನ್ನೊಂದು, "ನಾವು ಸರ್ಕಾರ, ನಮ್ಮ ಮೇಲೆ ದಾವೆ ನಡೆಯದು" ಎಂಬ ರಕ್ಷಣೆಯನ್ನು ಅವರು ಲಿಖಿತವಾಗಿ ಬಿಟ್ಟುಕೊಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಸೆಕ್ಷನ್ ಪ್ರಕಾರ ವಿದೇಶಿ ಸರ್ಕಾರದ ಮೇಲೆ ದಾವೆ ಹೂಡಲು ಕೇಂದ್ರದ ಒಪ್ಪಿಗೆ ಬೇಕು, ಹಾಗಾಗಿ ವಕೀಲರ ಹತ್ತಿರ ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ಬಗೆಹರಿಸುವ ಮಧ್ಯಸ್ಥಿಕೆ ಕಲಂ ಕೂಡ ಬರೆಸಿಕೊಳ್ಳಿ.

ಷೇರು ಅವರ ಕೈಯಲ್ಲಿ ಇರುವಷ್ಟು ಕಾಲ, ಹೊಸ ಹಣ ಬರದ ವರ್ಷವೂ, ಜುಲೈ 15ರೊಳಗೆ ರಿಸರ್ವ್ ಬ್ಯಾಂಕಿಗೆ ವಿದೇಶಿ ಆಸ್ತಿ-ಹೊಣೆಗಳ ವಾರ್ಷಿಕ ಲೆಕ್ಕವಾದ ಎಫ್‌ಎಲ್‌ಎ ರಿಟರ್ನ್ ಹಾಕಬೇಕು.