ಚೈನ್‌ಸಾದಲ್ಲಿ ಹಲಗೆ ಸೀಳುವಾಗ ಮೈ ನಯವಾಗಿ ಬರಬೇಕಾ?

ಹಲಸಿನ ದಿಮ್ಮಿಯನ್ನು ಚೈನ್‌ಸಾ ಮಿಲ್ (ಒಂದೇ ದಪ್ಪಕ್ಕೆ ಸೀಳಲು ಚೈನ್‌ಸಾಗೆ ಕಟ್ಟುವ ಚೌಕಟ್ಟು) ಹಾಕಿ ದಪ್ಪ ಹಲಗೆ ಮಾಡುವವರು ಮೊದಲು ಚೈನ್ ನೋಡಿಕೊಳ್ಳಿ. ಮಾಮೂಲಿ ಚೈನ್ ಇರುವುದು ಮರವನ್ನು ಅಡ್ಡ ಕೊಯ್ಯೋಕೆ, ಅದರ ಹಲ್ಲಿನ ಕೋನ ಸಾಮಾನ್ಯವಾಗಿ 25ರಿಂದ 35 ಡಿಗ್ರಿ. ಉದ್ದಕ್ಕೆ ಸೀಳಲು 10 ಡಿಗ್ರಿಯ ರಿಪ್ಪಿಂಗ್ ಚೈನ್ ಬೇಕು. ಕೆಲಸ ಸ್ವಲ್ಪ ನಿಧಾನ, ಆದರೆ ಮೈ ಎಷ್ಟೋ ನಯವಾಗಿ ಬರುತ್ತದೆ.

ಹಲ್ಲುಗಳೆಲ್ಲ ಒಂದೇ ಅಳತೆಗೆ ಅರ ಹಾಕಿರಬೇಕು. ಒಂದು ಬದಿಯವು ಮೊಂಡಾದರೆ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಪಕ್ಕಕ್ಕೆ ಎಳೆದು ಹಲಗೆ ಅಲೆಅಲೆಯಾಗುತ್ತದೆ. ತೊಗಟೆಯಲ್ಲಿ ಕೂತ ಮಣ್ಣು, ಮರಳೇ ಹಲ್ಲು ಬೇಗ ಹಾಳುಮಾಡೋದು, ಅದನ್ನು ಕೆತ್ತಿ ತೆಗೆದೇ ಶುರುಮಾಡಿ.

ಇನ್ನು ಕೈ. ಇದೇ ಮುಖ್ಯ ಅಂತ ನನ್ನ ಅನಿಸಿಕೆ. ಮಧ್ಯೆ ನಿಲ್ಲಿಸಿದ, ಹಿಂದೆ ಮುಂದೆ ತೂಗಾಡಿಸಿದ ಜಾಗದಲ್ಲೆಲ್ಲ ಗೀರು ಬೀಳುತ್ತದೆ, ಆಮೇಲೆ ಸ್ಯಾಂಡರ್ ಹಿಡಿದು ಗಂಟೆಗಟ್ಟಲೆ ಉಜ್ಜಬೇಕು, ಅಲ್ವಾ? ದಿಮ್ಮಿಯ ಒಂದು ತುದಿ ಎತ್ತರಿಸಿ ಇಳಿಜಾರು ಮಾಡಿದರೆ ಮೆಷಿನ್ ತನ್ನ ಭಾರಕ್ಕೇ ಇಳಿಯುತ್ತದೆ, ಸುಮ್ನೆ ಒತ್ತುವ ಕೆಲಸ ಇಲ್ಲ. ಸೀಳಿದ ಸಂದಿಗೆ ಹಿಂದಿನಿಂದ ಮರದ ಬೆಣೆ ಸಿಕ್ಕಿಸುತ್ತಾ ಹೋಗಿ, ಇಲ್ಲದಿದ್ದರೆ ಹಲಗೆ ಕೂತು ಬಾರ್ ಹಿಡಿದುಕೊಳ್ಳುತ್ತದೆ. ಮೊದಲ ಸೀಳಿಗೆ ನೇರವಾದ ಅಲ್ಯೂಮಿನಿಯಂ ಏಣಿಯನ್ನು ದಿಮ್ಮಿಯ ಮೇಲೆ ಬಿಗಿದು ಮಿಲ್ ಅದರ ಮೇಲೆ ಜಾರಿಸಿ, ಆ ಮೊದಲ ಸೀಳು ಸೊಟ್ಟಗಾದರೆ ಮುಂದಿನವೂ ಸೊಟ್ಟಗೇ.