‘ಪಂಚವೀಸ’ ಅಂದ್ರೆ 52 ಬರೆಯುತ್ತಿದ್ದ ಹುಡುಗಿ

ಪುಣೆ ಜಿಲ್ಲೆ ಭೋರ್ ತಾಲೂಕಿನ ಸಣ್ಣ ಮರಾಠಿ ಹೈಸ್ಕೂಲಿಗೆ ಗಣಿತ ಕಲಿಸಲು ಸೇರಿ ಎರಡು ವಾರವಾಗಿತ್ತು. ಎಂಟನೇ ಕ್ಲಾಸಿನಲ್ಲಿ ವಿಜಯಪುರ ಕಡೆಯ ಕೂಲಿಕಾರರ ಮಕ್ಕಳು ನಾಲ್ವರು. ಬಾಯಿಲೆಕ್ಕ ಕೊಟ್ಟರೆ ಉತ್ತರ ತಪ್ಪು. ಸುಮ್ನೆ ಮಗ್ಗಿ ಬರೆಸಿದೆ. ಉಪಯೋಗವಾಗಲಿಲ್ಲ.

ಒಂದು ದಿನ ‘ಪಂಚವೀಸ’ ಅಂದೆ, ಅಂದ್ರೆ ಮರಾಠಿಯಲ್ಲಿ 25. ಒಬ್ಬಳು 5 ಬರೆದು ಪಕ್ಕಕ್ಕೆ 2 ಬರೆದಳು. "ಐದು ಮೊದಲ ಬರ್ತೈತಲ್ರೀ ಸರ್" ಅಂದಳು. ನಿಜ ಅಲ್ವಾ! ಕನ್ನಡದಲ್ಲಿ ಇಪ್ಪತ್ತು ಮೊದಲು, ಆಮೇಲೆ ಐದು. ಮರಾಠಿಯಲ್ಲಿ ಉಲ್ಟಾ. ‘ಏಕೋಣತೀಸ’ ಇನ್ನೂ ಕಷ್ಟ: ಮೂವತ್ತಕ್ಕೆ ಒಂದು ಕಡಿಮೆ, ಅಂದ್ರೆ 29. ಇಷ್ಟು ದಿನ ನನಗೇ ಹೊಳೆದಿರಲಿಲ್ಲ, ಪಾಪ ಮಕ್ಕಳು.

ಪಕ್ಕಪಕ್ಕ ಎರಡು ಚೌಕದ ಮನೆ ಗೀಚಿಸಿ, ಮೊದಲು ಕೇಳಿದ ಅಂಕಿಯನ್ನು ಬಲಗಡೆ ಮನೆಯಲ್ಲಿ ತುಂಬಿಸಿದೆ. ಆಮೇಲೆ ಕನ್ನಡದಲ್ಲಿ ಓದಿಸಿದೆ. ಹತ್ತು ದಿನದಲ್ಲಿ ಅವಳೇ ಬೋರ್ಡಿಗೆ ಬಂದು ಉಳಿದವರಿಗೆ ಹೇಳಿಕೊಟ್ಟಳು.