ಲ್ಯಾಬ್ ಟೆಕ್ನಿಷಿಯನ್ ಆಗಲು ಕಲಿಯಬೇಕಾದದ್ದು: ಕೋರ್ಸಿನ ಆಯ್ಕೆಯಿಂದ ಸ್ಲೈಡ್ ಓದುವವರೆಗೆ

ಆಸ್ಪತ್ರೆಯ ಪ್ರಯೋಗಾಲಯಕ್ಕೆ ತರಬೇತಿಗೆಂದು ಬರುವ ಹುಡುಗ ಹುಡುಗಿಯರು ಮೊದಲ ದಿನ ಕಣ್ಣರಳಿಸಿ ನೋಡುವುದು ರಕ್ತ ಪರೀಕ್ಷಿಸುವ ಅನಲೈಸರ್ ಯಂತ್ರಗಳನ್ನು. ಆ ಯಂತ್ರದ ಗುಂಡಿ ಒತ್ತುವುದನ್ನು ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು. ರೋಗಿಯ ತೋಳಿನಿಂದ ಹೊರಟ ರಕ್ತ ಆ ಯಂತ್ರದ ಬಾಯಿಗೆ ತಲುಪುವವರೆಗೆ ಅದರಲ್ಲಿ ಏನೂ ಕೆಡದಂತೆ ನೋಡಿಕೊಳ್ಳುವುದನ್ನು, ಮತ್ತು ಯಂತ್ರ ಕೊಟ್ಟ ಸಂಖ್ಯೆಯನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವುದನ್ನು ಕಲಿಯಲು ವರ್ಷಗಳು ಬೇಕು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ ಈ ವೃತ್ತಿಗೆ ಬರಬೇಕೆಂದಿರುವವರು ಏನನ್ನು ವಿಚಾರಿಸಿ ಸೇರಬೇಕು, ಸೇರಿದ ಮೇಲೆ ಯಾವುದನ್ನು ಕೈಯಾರೆ ಮಾಡಿ ಪಳಗಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ, ಅಂದರೆ ಎಲ್ಲರೂ ಡಿಎಂಎಲ್‌ಟಿ ಎಂದು ಕರೆಯುವ ಕೋರ್ಸು. ಬಹುಕಾಲದಿಂದ ನಡೆದುಬಂದಿರುವ ಪದ್ಧತಿಯಂತೆ ಇದು ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ವಿಜ್ಞಾನ ವಿಷಯದಲ್ಲಿ ಪಿಯುಸಿ ಆದವರಿಗೆ ಎರಡು ವರ್ಷ. ಎರಡನೆಯದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಪದವಿ. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಮೂರು ವರ್ಷದ ಪಾಠದ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಇರುತ್ತದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ವೈದ್ಯಕೀಯ ಪ್ರಯೋಗಾಲಯ ವಿಜ್ಞಾನವನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಡಿಪ್ಲೊಮಾ ಅಥವಾ ಪದವಿ ಪಡೆದ ತಂತ್ರಜ್ಞರ ತರಬೇತಿ ಕನಿಷ್ಠ 2000 ಗಂಟೆಗಳದ್ದಾಗಿರಬೇಕು, ಅದು ಎರಡರಿಂದ ನಾಲ್ಕು ವರ್ಷಗಳಲ್ಲಿ ಹಂಚಿಕೆಯಾಗಿರಬೇಕು ಎನ್ನುತ್ತದೆ. ಆದ್ದರಿಂದ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಅಂಟಿಸಿರುವ 'ಆರೇ ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್' ಎಂಬ ಜಾಹೀರಾತನ್ನು ಕಂಡರೆ ಮುಂದೆ ನಡೆಯಿರಿ. ಪ್ರವೇಶದ ಅರ್ಹತೆಯ ಕುರಿತ ಸಣ್ಣಪುಟ್ಟ ನಿಯಮಗಳು ಬದಲಾಗುತ್ತಿರುವುದರಿಂದ ಆ ವರ್ಷದ ಅಧಿಸೂಚನೆಯನ್ನೇ ಓದಿ ಅರ್ಜಿ ಹಾಕಬೇಕು.

ಕಾಲೇಜನ್ನು ಆರಿಸುವಾಗ ಕಟ್ಟಡವನ್ನಲ್ಲ, ಅದರ ಜೊತೆಗಿರುವ ಆಸ್ಪತ್ರೆಯನ್ನು ನೋಡಬೇಕು. ಶುಲ್ಕ ಕಟ್ಟುವ ಮೊದಲು ಒಂದು ದಿನ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಆ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೋಣೆಯ ಮುಂದೆ ಅರ್ಧ ಗಂಟೆ ಕುಳಿತು ಬನ್ನಿ. ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಉದ್ದವಿದ್ದರೆ, ವಿದ್ಯಾರ್ಥಿಗಳು ಹಿರಿಯರ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದರೆ, ಅಲ್ಲಿ ಕಲಿಕೆ ನಡೆಯುತ್ತಿದೆ ಎಂದು ತಿಳಿಯಿರಿ. ಬಿಕೋ ಎನ್ನುತ್ತಿದ್ದರೆ ಎಷ್ಟು ಒಳ್ಳೆಯ ಪುಸ್ತಕಾಲಯವಿದ್ದೂ ಪ್ರಯೋಜನವಿಲ್ಲ. ಸೂಕ್ಷ್ಮದರ್ಶಕ ಎಷ್ಟು ಜನಕ್ಕೆ ಒಂದು, ರಕ್ತನಿಧಿ ಇದೆಯೇ, ಸೂಕ್ಷ್ಮಾಣುಜೀವಿ ವಿಭಾಗದಲ್ಲಿ ಕಲ್ಚರ್, ಅಂದರೆ ಸೂಕ್ಷ್ಮಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡುತ್ತಾರೆಯೇ ಎಂದು ಈಗಾಗಲೇ ಅಲ್ಲಿ ಓದುತ್ತಿರುವವರನ್ನೇ ಕೇಳಬೇಕು. ಅವರು ಕಚೇರಿಯವರಿಗಿಂತ ನೇರವಾಗಿ ಹೇಳುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಆರು ತಿಂಗಳು ಪಠ್ಯದ ಇಂಗ್ಲಿಷಿಗೆ ಹೆದರುತ್ತಾರೆ. ಪ್ರತಿಯೊಂದು ಪರೀಕ್ಷೆಯನ್ನೂ ಯಾಕೆ ಮಾಡುತ್ತೇವೆ ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ನಿಮ್ಮ ಕನ್ನಡದಲ್ಲೇ ಎರಡು ಸಾಲು ಬರೆದಿಟ್ಟುಕೊಳ್ಳಿ. ವಿಷಯ ತಿಳಿದ ಮೇಲೆ ಇಂಗ್ಲಿಷ್ ಪದ ತಾನಾಗಿ ಕೂರುತ್ತದೆ.

ಸ್ಯಾಂಪಲ್ ಮುಟ್ಟುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಆರಂಭವಾಗಿರಬೇಕು. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕಾಲೇಜು ಹಾಕಿಸದಿದ್ದರೆ ನೀವೇ ಹಾಕಿಸಿಕೊಳ್ಳಿ, ಕಾರ್ಡನ್ನು ಜೋಪಾನವಾಗಿಡಿ.

ಇನ್ನು ರಕ್ತ ತೆಗೆಯುವುದು. ಸೂಜಿ ಹಿಡಿಯುವುದಕ್ಕಿಂತ ಮೊದಲು ಕಲಿಯಬೇಕಾದದ್ದು ಹೆಸರು ಕೇಳುವ ರೀತಿ. 'ಗೌರಮ್ಮ ಅಂದ್ರೆ ನೀವೇ ಅಲ್ವಾ ಅಜ್ಜಿ?' ಎಂದು ಕೇಳಿದರೆ ಕಿವಿ ಮಂದವಾಗಿರುವ ಅಜ್ಜಿ ಯಾವ ಹೆಸರಿಗೂ ಹೂಂ ಎಂದು ತಲೆಯಾಡಿಸುತ್ತಾರೆ. 'ಅಜ್ಜಿ, ನಿಮ್ಮ ಹೆಸರು ಹೇಳಿ, ಯಾವೂರು, ಎಷ್ಟು ವಯಸ್ಸು?' ಎಂದು ಅವರ ಬಾಯಿಂದಲೇ ಹೇಳಿಸಿ, ಆಸ್ಪತ್ರೆಯ ನೋಂದಣಿ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥರಿರುವುದು ನಮ್ಮಲ್ಲಿ ಅಪರೂಪವಲ್ಲ. ಟ್ಯೂಬಿನ ಮೇಲೆ ಹೆಸರು ಬರೆಯುವುದನ್ನು ರೋಗಿಯ ಪಕ್ಕದಲ್ಲೇ ಮುಗಿಸಬೇಕು, ಎಂಟು ಟ್ಯೂಬುಗಳನ್ನು ಜೇಬಿಗೆ ಹಾಕಿಕೊಂಡು ಬಂದು ಮೇಜಿನ ಮೇಲೆ ಬರೆಯುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡುವುದಿಲ್ಲ.

ತೋಳಿಗೆ ಕಟ್ಟುವ ಟೂರ್ನಿಕೆಟ್ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು. ರೋಗಿಗೆ ಮುಷ್ಟಿಯನ್ನು ಬಿಗಿದು ಬಿಟ್ಟು ಮಾಡಲು ಹೇಳಬಾರದು, ಅದರಿಂದ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಸ್ಪಿರಿಟ್ ಒರೆಸಿದ ಜಾಗ ಆರುವವರೆಗೆ ಕಾಯಬೇಕು. ಮೊಣಕೈಯ ಮಡಿಕೆಯಲ್ಲಿ ರಕ್ತನಾಳವನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಬೆರಳ ತುದಿಯಿಂದ ಒತ್ತಿ ಹುಡುಕುವುದು ಒಳ್ಳೆಯದು, ಏಕೆಂದರೆ ನೀಲಿಯಾಗಿ ಕಾಣುವ ನಾಳ ಜಾರಿಕೊಳ್ಳುತ್ತದೆ, ಬೆರಳಿಗೆ ಪುಟಿಯುವ ನಾಳ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ.

ಟ್ಯೂಬುಗಳನ್ನು ತುಂಬುವ ಕ್ರಮವನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕು: ಮೊದಲು ಬ್ಲಡ್ ಕಲ್ಚರ್ ಬಾಟಲಿ, ನಂತರ ಸಿಟ್ರೇಟ್ ಇರುವ ನೀಲಿ ಮುಚ್ಚಳ, ಹೆಪ್ಪುಗಟ್ಟಿದ ರಕ್ತದಿಂದ ಬೇರಾಗುವ ದ್ರವವಾದ ಸೀರಮ್‌ಗಾಗಿ ಕೆಂಪು ಅಥವಾ ಹಳದಿ, ಹೆಪಾರಿನ್ ಇರುವ ಹಸಿರು, ಇಡಿಟಿಎ ಇರುವ ನೇರಳೆ, ಕೊನೆಗೆ ಸಕ್ಕರೆ ಪರೀಕ್ಷೆಯ ಫ್ಲೋರೈಡ್ ಬೂದು. ಸಿಟ್ರೇಟ್, ಹೆಪಾರಿನ್, ಇಡಿಟಿಎ ಇವು ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕಗಳು, ಒಂದು ಟ್ಯೂಬಿನದು ಮುಂದಿನ ಟ್ಯೂಬಿಗೆ ಸೇರಿ ಫಲಿತಾಂಶ ಕೆಡದಿರಲೆಂದೇ ಈ ಕ್ರಮ. ನೀಲಿ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕವಿರುವುದರಿಂದ ಗುರುತಿನವರೆಗೆ ತುಂಬಲೇಬೇಕು, ಕಡಿಮೆ ತುಂಬಿದರೆ ರಕ್ತ ಹೆಪ್ಪುಗಟ್ಟುವ ಸಮಯ ಇಲ್ಲದಷ್ಟು ಉದ್ದವಾಗಿ ಕಾಣುತ್ತದೆ. ಈ ಕ್ರಮದ ಬೆಲೆ ನನಗೆ ತಿಳಿದದ್ದು ತರಬೇತಿಯ ಎರಡನೆಯ ವರ್ಷದಲ್ಲಿ. ಒಬ್ಬ ರೋಗಿಯ ಹಳದಿ ಟ್ಯೂಬಿನಲ್ಲಿ ರಕ್ತ ಸಾಲದೆ ಬಂದಾಗ, ಮತ್ತೆ ಚುಚ್ಚುವುದು ಬೇಡವೆಂದು ನೇರಳೆ ಟ್ಯೂಬಿನಿಂದ ಒಂದಿಷ್ಟನ್ನು ಅದಕ್ಕೆ ಸುರಿದುಬಿಟ್ಟೆ. ಪೊಟ್ಯಾಸಿಯಂ ಜೀವಕ್ಕೇ ಅಪಾಯವೆನ್ನುವಷ್ಟು ಏರಿ 8.9 ಬಂತು, ಕ್ಯಾಲ್ಸಿಯಂ 4.2ಕ್ಕೆ ಇಳಿದಿತ್ತು. ವಾರ್ಡಿನಲ್ಲಿ ಚಿಕಿತ್ಸೆಗೆ ಸಿದ್ಧತೆ ನಡೆಯುವಷ್ಟರಲ್ಲಿ ನಮ್ಮ ಹಿರಿಯ ತಂತ್ರಜ್ಞರು ಆ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಿ, 'ಈ ಮನುಷ್ಯ ಎದ್ದು ಕೂತು ಕಾಫಿ ಕುಡೀತಿದ್ದಾನೆ, ನೀನು ಇದರೊಳಗೆ ಏನು ಸುರಿದೆ ಹೇಳು' ಎಂದು ಕೇಳಿದರು. ಇಡಿಟಿಎ ಎಂಬುದು ಪೊಟ್ಯಾಸಿಯಂ ಲವಣ, ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾನು ಆ ತಿಂಗಳಷ್ಟೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

ರಕ್ತದ ಸ್ಮಿಯರ್ ಎಳೆಯುವುದು, ಅಂದರೆ ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಹರಡುವುದು, ಕೈಯ ಕೆಲಸ, ಇದಕ್ಕೆ ಅಡ್ಡದಾರಿಯಿಲ್ಲ. ಸ್ಲೈಡಿನ ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ಎರಡು ಮೂರು ಮಿಲಿಮೀಟರಿನ ಹನಿ ಇಟ್ಟು, ಇನ್ನೊಂದು ಸ್ಲೈಡನ್ನು 30ರಿಂದ 45 ಡಿಗ್ರಿ ಓರೆಯಾಗಿ ಹಿಡಿದು ಹನಿಗೆ ತಾಗಿಸಿ, ರಕ್ತ ಅಂಚಿನುದ್ದಕ್ಕೂ ಹರಡಿದೊಡನೆ ತಡೆಯಿಲ್ಲದೆ ಮುಂದಕ್ಕೆ ತಳ್ಳಬೇಕು. ಕೈ ನಡುಗಿದರೆ ಅಲೆ ಬೀಳುತ್ತದೆ, ಸ್ಲೈಡಿನಲ್ಲಿ ಜಿಡ್ಡಿದ್ದರೆ ತೂತು ಬೀಳುತ್ತದೆ. ರಕ್ತಹೀನತೆಯಿರುವವರ ರಕ್ತ ತೆಳ್ಳಗಿರುವುದರಿಂದ ಓರೆಯನ್ನು ಹೆಚ್ಚಿಸಬೇಕು. ಗಟ್ಟಿ ರಕ್ತಕ್ಕೆ ತಗ್ಗಿಸಬೇಕು. ಒಳ್ಳೆಯ ಸ್ಮಿಯರ್ ಹಸುವಿನ ನಾಲಗೆಯಂತೆ ತಲೆಯ ಕಡೆ ದಪ್ಪಗಿದ್ದು ತುದಿಗೆ ತೆಳ್ಳಗಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದನ್ನು ತಕ್ಷಣ ಫ್ಯಾನಿನ ಕೆಳಗೆ ಒಣಗಿಸದಿದ್ದರೆ ಗಾಳಿಯ ತೇವಕ್ಕೆ ಕೆಂಪು ಕಣಗಳ ಮೇಲೆ ನೀರಿನ ಗುಳ್ಳೆಯಂಥ ಗುರುತುಗಳಾಗುತ್ತವೆ, ಹೊಸಬರು ಅವನ್ನೇ ಮಲೇರಿಯಾ ಪರಾವಲಂಬಿ ಎಂದು ತೋರಿಸಲು ಓಡಿ ಬರುತ್ತಾರೆ. ಒಣಗಿದ ಮೇಲೆ ಲೀಷ್ಮನ್ ಬಣ್ಣವನ್ನು ಎರಡು ನಿಮಿಷ ಬಿಟ್ಟು, ಅದರ ಎರಡರಷ್ಟು 6.8 ಪಿಎಚ್‌ನ ಬಫರ್ ನೀರು ಬೆರೆಸಿ ಏಳರಿಂದ ಹತ್ತು ನಿಮಿಷ ಇಟ್ಟು ತೊಳೆಯಬೇಕು. ದಿನಕ್ಕೆ ಹತ್ತರಂತೆ ಎಳೆದರೂ ಮೊದಲ ನೂರು ಸ್ಲೈಡುಗಳು ಕಸದ ಪಾಲೇ ಆಗುತ್ತವೆ, ಬೇಸರ ಪಡಬೇಡಿ.

ಯಂತ್ರವೇ ಎಲ್ಲವನ್ನೂ ಎಣಿಸುವ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಡೆಂಗಿ ಹರಡುವ ತಿಂಗಳುಗಳಲ್ಲಿ ಪ್ರಯೋಗಾಲಯದಲ್ಲಿ ಒಂದು ದಿನ ಕುಳಿತರೆ ಉತ್ತರ ಸಿಗುತ್ತದೆ. ಪ್ಲೇಟ್‌ಲೆಟ್ 22,000 ಎಂದು ಯಂತ್ರ ಹೇಳಿದ ಕೂಡಲೇ ಮನೆಯವರು ರಕ್ತದಾನಿಗಳಿಗೆ ಫೋನ್ ಹಚ್ಚಲು ಶುರುಮಾಡುತ್ತಾರೆ. ಆದರೆ ಕೆಲವರ ರಕ್ತಕ್ಕೆ ಇಡಿಟಿಎ ತಾಗಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ, ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಮಿಯರನ್ನು ಎಣ್ಣೆಯ ಲೆನ್ಸಿನಡಿ ಇಟ್ಟು ಮೊದಲು ತುದಿಯಲ್ಲಿ ಗುಂಪುಗಳಿವೆಯೇ ಎಂದು ನೋಡಬೇಕು. ಗುಂಪುಗಳಿಲ್ಲದಿದ್ದರೆ ಲೆನ್ಸಿನಲ್ಲಿ ಕಾಣುವ ಹತ್ತು ಕ್ಷೇತ್ರಗಳಲ್ಲಿ ಪ್ಲೇಟ್‌ಲೆಟ್‌ಗಳನ್ನು ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಗುಂಪುಗಳಿದ್ದರೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ರಕ್ತ ತರಿಸಬೇಕು, ಸಿಟ್ರೇಟ್ ದ್ರವ ಸೇರಿ ರಕ್ತ ತೆಳುವಾಗಿರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು.

ಚೌಕಗಳನ್ನು ಕೊರೆದ ಗಾಜಿನ ನ್ಯೂಬಾರ್ ಚೇಂಬರಿನಲ್ಲಿ ಬಿಳಿ ರಕ್ತಕಣ ಎಣಿಸುವುದನ್ನೂ ಹೀಗೆಯೇ ಕಲಿತಿರಬೇಕು. ಇಪ್ಪತ್ತರಲ್ಲಿ ಒಂದು ಪಾಲು ದುರ್ಬಲಗೊಳಿಸಿದ ರಕ್ತದಲ್ಲಿ ನಾಲ್ಕು ಮೂಲೆಯ ಚೌಕಗಳ ಕಣಗಳನ್ನು ಎಣಿಸಿ 50ರಿಂದ ಗುಣಿಸಬೇಕು. 132 ಕಣ ಸಿಕ್ಕರೆ 6,600. ಈ 50 ಎಲ್ಲಿಂದ ಬಂತೆಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿಯೇ ಕೇಳುತ್ತಾರೆ: ದುರ್ಬಲಗೊಳಿಸಿದ ಪ್ರಮಾಣ 20, ಚೇಂಬರಿನ ಆಳ 0.1 ಮಿಲಿಮೀಟರ್ ಆದ್ದರಿಂದ ಮತ್ತೊಂದು 10, ಎಣಿಸಿದ ಚೌಕಗಳು ನಾಲ್ಕು ಚದರ ಮಿಲಿಮೀಟರ್ ಆದ್ದರಿಂದ ನಾಲ್ಕರಿಂದ ಭಾಗಾಕಾರ. ಸೂಕ್ಷ್ಮಾಣುಜೀವಿ ವಿಭಾಗದಲ್ಲಿ ಬ್ಯಾಕ್ಟೀರಿಯಾಗಳನ್ನು ನೇರಳೆ, ಕೆಂಪು ಎಂದು ಬೇರ್ಪಡಿಸುವ ಗ್ರಾಮ್ ಬಣ್ಣ ಮತ್ತು ಕ್ಷಯದ ಕಫ ಪರೀಕ್ಷೆಯ ಜೀಲ್–ನೀಲ್ಸನ್ ಬಣ್ಣ, ಇವೆರಡು ನಿದ್ದೆಯಲ್ಲೂ ಬರುವಂತಿರಬೇಕು. ಗ್ರಾಮ್ ಬಣ್ಣದಲ್ಲಿ ಕೆಡುವುದು ಸಾಮಾನ್ಯವಾಗಿ ಬಣ್ಣ ತೆಗೆಯುವ ಹಂತದಲ್ಲಿ. ಅಸಿಟೋನ್ ಕೆಲವೇ ಕ್ಷಣ ಹೆಚ್ಚಾದರೆ ನೇರಳೆಯಾಗಿ ಕಾಣಬೇಕಾದ ಬ್ಯಾಕ್ಟೀರಿಯಾ ಕೆಂಪಾಗಿ ಕಾಣುತ್ತದೆ.

ಪ್ರತಿದಿನ ರೋಗಿಗಳ ಸ್ಯಾಂಪಲ್ ಹಾಕುವ ಮೊದಲು, ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನು ಓಡಿಸಿ ದಿನದಿನದ ಏರಿಳಿತ ತೋರಿಸುವ ಲೆವಿ–ಜೆನ್ನಿಂಗ್ಸ್ ನಕ್ಷೆಯಲ್ಲಿ ಗುರುತಿಸಬೇಕು. ಸಕ್ಕರೆಯ ಕಂಟ್ರೋಲಿಗೆ ಸರಾಸರಿ 98, ವಿಚಲನೆ 3 ಎಂದಿಟ್ಟುಕೊಳ್ಳಿ. ಸರಾಸರಿಗಿಂತ ಎರಡು ವಿಚಲನೆ, ಅಂದರೆ 104 ದಾಟಿದರೆ ಎಚ್ಚರಿಕೆ, ಮೂರು ವಿಚಲನೆ, ಅಂದರೆ 107 ದಾಟಿದರೆ ಆ ದಿನದ ಓಟವನ್ನೇ ತಡೆಹಿಡಿದು ಕಾರಣ ಹುಡುಕಬೇಕು. ಬೆಳಿಗ್ಗೆ ಹೊರಗೆ ಸಾಲು ಬೆಳೆಯುತ್ತಿರುವಾಗ, ಸರಿಯಾದ ಸಂಖ್ಯೆ ಬರುವವರೆಗೆ ಅದೇ ಕಂಟ್ರೋಲನ್ನು ಮೂರು ನಾಲ್ಕು ಸಲ ಓಡಿಸಿ, ಕೊನೆಗೆ ಚೆನ್ನಾಗಿ ಬಂದದ್ದನ್ನು ಮಾತ್ರ ನಕ್ಷೆಗೆ ಇಳಿಸುವ ಆಸೆ ಹುಟ್ಟುತ್ತದೆ. ನೀವು ಕಲಿಯುವ ಜಾಗದಲ್ಲಿ ಹಾಗೆ ಮಾಡುತ್ತಿದ್ದರೆ ಅದನ್ನು ನೋಡಿ ಕಲಿಯಬೇಡಿ.

ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಸೂಜಿಯು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಸೂಜಿ ತೆಗೆದ ಸಿರಿಂಜ್ ಮತ್ತು ಕೈಗವಸು ಕೆಂಪು ಚೀಲಕ್ಕೆ, ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ, ಒಡೆದ ಗಾಜು ನೀಲಿ ಗುರುತಿನ ಡಬ್ಬಿಗೆ ಹೋಗಬೇಕು. ಒಂದು ವೇಳೆ ಸೂಜಿ ನಿಮಗೇ ಚುಚ್ಚಿದರೆ ಬೆರಳನ್ನು ಹಿಂಡದೆ, ಬಾಯಿಗಿಡದೆ, ಸಾಬೂನು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧ ಎರಡು ಗಂಟೆಯೊಳಗೆ ಆರಂಭವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಬೈಯುತ್ತಾರೆಂದು ಮುಚ್ಚಿಡುವ ವಿದ್ಯಾರ್ಥಿಗಳನ್ನು ನೋಡಿದ್ದೇನೆ, ಬೈಗುಳ ತಿಂದರೂ ಪರವಾಗಿಲ್ಲ.

ಇಂಟರ್ನ್‌ಶಿಪ್ ಸಮಯದಲ್ಲಿ ರಾತ್ರಿ ಪಾಳಿಯನ್ನು ಕೇಳಿ ಪಡೆಯಿರಿ. ಹಗಲಿನಲ್ಲಿ ಹತ್ತು ಜನರ ಹಿಂದೆ ನಿಲ್ಲುವವರಿಗೆ ರಾತ್ರಿ ತುರ್ತು ಸ್ಯಾಂಪಲುಗಳು ನೇರ ಕೈಗೆ ಬರುತ್ತವೆ. ಅಂಥ ಒಂದು ರಾತ್ರಿ ಪೊಟ್ಯಾಸಿಯಂ 7 ದಾಟಿದ ಫಲಿತಾಂಶ ಬಂದಾಗ ಮಾಡಬೇಕಾದ ಕ್ರಮ ಇದು: ಮೊದಲು ಟ್ಯೂಬನ್ನು ಬೆಳಕಿಗೆ ಹಿಡಿದು ಸೀರಮ್ ಕೆಂಪಗಾಗಿದೆಯೇ ನೋಡಿ (ಕೆಂಪು ಕಣಗಳು ಒಡೆದಿದ್ದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ), ಇಡಿಟಿಎ ಸೇರಿದೆಯೇ ಎಂದು ತಿಳಿಯಲು ಕ್ಯಾಲ್ಸಿಯಮ್ಮನ್ನೂ ಓಡಿಸಿ, ಹೆಸರು ಮತ್ತು ನೋಂದಣಿ ಸಂಖ್ಯೆ ತಾಳೆ ಮಾಡಿ. ಎಲ್ಲ ಸರಿಯಿದ್ದರೆ ರಿಪೋರ್ಟ್ ಮುದ್ರಣವಾಗುವವರೆಗೆ ಕಾಯದೆ ವಾರ್ಡಿಗೆ ಫೋನ್ ಮಾಡಿ, ಸಂಖ್ಯೆಯನ್ನು ಆ ಕಡೆಯವರ ಬಾಯಿಂದ ಮರಳಿ ಹೇಳಿಸಿ, ಯಾರಿಗೆ ಹೇಳಿದಿರಿ, ಎಷ್ಟು ಗಂಟೆಗೆ ಹೇಳಿದಿರಿ ಎಂಬುದನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿ.